ಗುಡುಗಿಲ್ಲದ ದಿನ

ಮಿಂಚು ಆಕಾಶದಲ್ಲಿರುವಾಗ ಅದಕ್ಕೆ ಅಂಜದವರಿಲ್ಲ. ಅದೇ ಶಕ್ತಿ ಗೋಡೆಯೊಳಗಿನ ತಂತಿಯಲ್ಲಿ ಹರಿಯುವಾಗ ಅದನ್ನು ನೆನೆಯುವವರೂ ಇಲ್ಲ. ಒಂದು ಗುಂಡಿಯೊತ್ತಿದರೆ ಬೆಳಕು, ಇನ್ನೊಂದನ್ನು ಒತ್ತಿದರೆ ಗಾಳಿ, ಮತ್ತೊಂದಕ್ಕೆ ಚಟ್ನಿ. ಬಿಲ್ಲು ಬಂದ ದಿನ ಗೃಹಸ್ಥನಿಗೆ ವಿದ್ಯುಚ್ಛಕ್ತಿಯ ಸ್ಮರಣೆಯಾಗುತ್ತದೆ. ಅದು ಇಲ್ಲವಾದ ದಿನ ಮನೆಮಂದಿಗೆಲ್ಲ ಆಗುತ್ತದೆ. ಅದು ಬೇಕಾದುದಕ್ಕಿಂತ ಹೆಚ್ಚಾಗಿ ಬರುವ ದಿನವೂ ಒಂದುಂಟು ಎಂಬುದು ಮಾತ್ರ ಯಾರ ಮನಸ್ಸಿಗೂ ಹೊಳೆಯುವುದಿಲ್ಲ.

ಬೆಂಗಳೂರಿಗೂ ವಿದ್ಯುತ್ತಿಗೂ ನೆಂಟಸ್ತಿಕೆ ನಿನ್ನೆ ಮೊನ್ನೆಯದಲ್ಲ. ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ ಪಡೆದ ಶಕ್ತಿಯು 1902ರಲ್ಲಿ ಬೆಟ್ಟ ಬಯಲುಗಳನ್ನು ದಾಟಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಮೂರು ವರ್ಷಗಳ ಬಳಿಕ, 1905ರ ಆಗಸ್ಟ್ 5ರಂದು, ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಬೆಳಗಿತು. ಎಣ್ಣೆಯಿಲ್ಲದೆ, ಬತ್ತಿಯಿಲ್ಲದೆ ಉರಿಯುವ ಆ ದೀಪ ಅಂದಿನ ಜನಕ್ಕೆ ಎಷ್ಟು ಸೋಜಿಗವಾಗಿದ್ದಿರಬೇಕು! ಇಂದಿನವರಿಗೆ ಅದು ನಲ್ಲಿಯ ನೀರಿನಷ್ಟೇ ಸಾಮಾನ್ಯ. ಸೋಜಿಗ ಹೋದುದರ ಜೊತೆಯಲ್ಲೇ ಎಚ್ಚರವೂ ಹೋಯಿತು.

ಆ ಎಚ್ಚರವನ್ನು ಬಿಡದೆ ಉಳಿಸಿಕೊಂಡಿದ್ದವರು ಬಸವನಗುಡಿಯ ಅಡ್ಡರಸ್ತೆಯೊಂದರ ಹಳೆಯ ಮನೆಯ ಅಜ್ಜಿಯೊಬ್ಬರೇ. ಮನೆಯ ಯಜಮಾನರಾದ ರಾಯರಿಗೆ ಕೆಲಸದಿಂದ ನಿವೃತ್ತರಾಗಲು ಇನ್ನೆರಡು ವರ್ಷ. ಅವರ ಮಡದಿ, ಕಾಲೇಜಿಗೆ ಹೋಗುವ ಮಗಳು, ಮೇಲೆ ವೃದ್ಧರಾದ ತಂದೆ ತಾಯಿ, ಇಷ್ಟು ಜನರ ಸಂಸಾರ. ಭರಣಿ ಮಳೆಯ ಮೊದಲ ಗುಡುಗು ದೂರದಲ್ಲೆಲ್ಲೋ ಗುರ್ ಎಂದರೆ ಸಾಕು, ಎಂಬತ್ತು ದಾಟಿದ ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಏಳುವರು. ಬಾಯಲ್ಲಿ ಅರ್ಜುನನ ಹತ್ತು ಹೆಸರು, ಕೈಯಲ್ಲಿ ಒಂದೊಂದೇ ಪ್ಲಗ್ಗು. ಅರ್ಜುನ ಎನ್ನುವಾಗ ಟೆಲಿವಿಷನ್ನಿನದು, ಕಿರೀಟಿ ಎನ್ನುವಾಗ ಕಂಪ್ಯೂಟರಿನದು. ಧನಂಜಯ ಎನ್ನುವ ವೇಳೆಗೆ ಮನೆಯ ಸಮಸ್ತ ಯಂತ್ರಗಳೂ ಗೋಡೆಯ ಋಣ ಹರಿದುಕೊಂಡು ನಿಂತಿರುತ್ತಿದ್ದವು. ನಡುಮನೆಯ ಮೂಲೆಯಲ್ಲಿದ್ದ ಹಳೆಯ ವಾಲ್ವ್ ರೇಡಿಯೊ ಒಂದಕ್ಕೆ ಈ ಉಪಚಾರ ಬೇಕಿರಲಿಲ್ಲ. ಅಂಚೆ ಕಛೇರಿಯಲ್ಲಿ ವರ್ಷವರ್ಷವೂ ಲೈಸೆನ್ಸಿನ ಹಣ ಕಟ್ಟಬೇಕಿದ್ದ ಕಾಲದಲ್ಲಿ ತಾತ ಕೊಂಡು ತಂದಿದ್ದ ಆ ಪೆಟ್ಟಿಗೆಯ ಪ್ಲಗ್ಗನ್ನು ಹಾಡು ಮುಗಿದೊಡನೆ ಕೀಳುವುದು ಅಜ್ಜಿಯ ನಲವತ್ತು ವರ್ಷಗಳ ವ್ರತ.

ರಾಯರಿಗೆ ಇದು ವಿನೋದ.

“ಅಮ್ಮ, ಸ್ವಿಚ್ಚು ಆರಿಸಿದರೆ ಸಾಲದೇ? ಪ್ಲಗ್ಗನ್ನೇ ಏಕೆ ಕೀಳಬೇಕು? ಸ್ಟೆಬಿಲೈಸರ್ ಬೇರೆ ಇದೆಯಲ್ಲ!”

“ಅಷ್ಟು ಎತ್ತರದ ಆಕಾಶದಿಂದ ಹಾರಿ ಬರುವ ಸಿಡಿಲಿಗೆ ನಿನ್ನ ಸ್ವಿಚ್ಚಿನ ಸಂದಿ ದಾಟುವುದು ಕಷ್ಟವೇನೋ, ಮಗು?”

ಅಜ್ಜಿ ಓದಿದ್ದು ಲೋವರ್ ಸೆಕೆಂಡರಿ. ಆದರೂ ಆ ಮಾತಿನಲ್ಲಿ ಶಾಸ್ತ್ರವೆಲ್ಲ ಅಡಗಿತ್ತು. ಸಾಧಾರಣವಾದ ಒಂದು ಸಿಡಿಲಿನಲ್ಲಿ ಹರಿಯುವ ಪ್ರವಾಹ ಸುಮಾರು 30,000 ಆಂಪಿಯರ್. ಮನೆಯ ಅತಿ ದೊಡ್ಡ ಪ್ಲಗ್ಗು ತಾಳುವುದು 16. ಆ ಸಿಡಿಲು ಮನೆಯ ಮೇಲೆಯೇ ಬೀಳಬೇಕೆಂಬ ನಿಯಮವೂ ಇಲ್ಲ. ದೂರದ ಕಂಬದ ಮೇಲೋ ಅದರ ಸಮೀಪದಲ್ಲೋ ಬಿದ್ದರೂ ಅದರ ಅಲೆ ತಂತಿಯಲ್ಲಿ ಓಡಿ ಬಂದು ಮನೆ ಹೊಗುತ್ತದೆ. ಸೆಕೆಂಡಿನ ಲಕ್ಷದಲ್ಲಿ ಕೆಲವು ಭಾಗಗಳಷ್ಟರಲ್ಲಿ ಬಂದು ಹೋಗುವ ಆ ಅಲೆಗೆ ಸ್ವಿಚ್ಚಿನೊಳಗಿನ ಕೂದಲೆಳೆಯಂಥ ಅಂತರ ಲೆಕ್ಕಕ್ಕಿಲ್ಲ. ಅಲ್ಲದೆ ಮನೆಗಳ ಸ್ವಿಚ್ಚುಗಳು ಸಾಮಾನ್ಯವಾಗಿ ಎರಡು ತಂತಿಗಳಲ್ಲಿ ಒಂದನ್ನು ಮಾತ್ರ ಕಡಿಯುತ್ತವೆ. ಇನ್ನೊಂದರ ಬಾಗಿಲು ತೆರೆದೇ ಇರುತ್ತದೆ. ಮೀಟರಿನ ಪಕ್ಕದಲ್ಲಿರುವ ಎಂಸಿಬಿ ಇದನ್ನು ತಡೆಯಲಾರದು. ಪ್ರವಾಹ ಮಿತಿಮೀರಿ ತಂತಿ ಬಿಸಿಯಾದಾಗ ಕಡಿಯುವುದು ಅದರ ಧರ್ಮ. ಅದು ಕಣ್ಣು ಬಿಡುವಷ್ಟರಲ್ಲಿ ಸಿಡಿಲಿನ ಅಲೆ ತನ್ನ ಕೆಲಸ ಮುಗಿಸಿ ನಡೆದಿರುತ್ತದೆ. ರಾಯರು ನೆಚ್ಚಿದ್ದ ಸ್ಟೆಬಿಲೈಸರಾದರೂ ಅಷ್ಟೆ. ಸಂಜೆ ಊರೆಲ್ಲ ದೀಪ ಹಚ್ಚಿದಾಗ ಮೆಲ್ಲಗೆ ಇಳಿಯುವ, ನಡುರಾತ್ರಿ ಮೆಲ್ಲಗೆ ಏರುವ ವೋಲ್ಟೇಜನ್ನು ತಿದ್ದುವುದಕ್ಕೆ ಅದು ಸಮರ್ಥ. ಕಣ್ಣೆವೆಯೊಳಗೆ ಎರಗುವ ಶತ್ರುವಿಗೆ ಅದು ಎದುರಾಳಿಯಲ್ಲ. ಗೋಡೆಯಿಂದ ಹೊರಬಿದ್ದ ಪ್ಲಗ್ಗಿಗೆ ಸಮನಾದ ರಕ್ಷೆ ಇಂದಿಗೂ ಇನ್ನೊಂದಿಲ್ಲ. ಆದರೆ ಅದನ್ನು ಗುಡುಗು ದೂರದಲ್ಲಿರುವಾಗಲೇ ಕೀಳಬೇಕು. ಮಿಂಚು ನೆತ್ತಿಯ ಮೇಲೆ ಬಂದ ಮೇಲೆ ಕೈಹಾಕುವುದು ಅಪಾಯ. ಟೆಲಿವಿಷನ್ನಿಗೆ ಮಾಳಿಗೆಯಿಂದ ಇಳಿದು ಬರುವ ಕೇಬಲ್ಲನ್ನೂ ಮರೆಯಬಾರದು. ಕಳ್ಳನಿಗೆ ಮುಂಬಾಗಿಲು ಮುಚ್ಚಿ ಹಿತ್ತಲ ಬಾಗಿಲು ತೆರೆದಿಟ್ಟರೆ ಏನು ಬಂತು?

ಅಜ್ಜಿಯ ಪ್ರದಕ್ಷಿಣೆಯಲ್ಲಿ ಅವರು ಮುಟ್ಟದೆ ಬಿಡುತ್ತಿದ್ದ ಪ್ಲಗ್ಗು ಒಂದಿತ್ತು. ಅದು ತಾತನ ಕೋಣೆಯದು.

ತಾತನಿಗೆ ಎರಡು ವರ್ಷಗಳಿಂದ ಶ್ವಾಸಕೋಶದ ಬೇನೆ. ಮಂಚದ ಪಕ್ಕದಲ್ಲಿ ಆಮ್ಲಜನಕದ ಯಂತ್ರವೊಂದು ಹಗಲಿರುಳೂ ಉಸಿರಾಡುತ್ತಿತ್ತು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಯಂತ್ರವು ಕೋಣೆಯ ಗಾಳಿಯನ್ನೇ ಒಳಗೆಳೆದು, ಜಿಯೋಲೈಟ್ ಎಂಬ ಖನಿಜದ ಹರಳುಗಳ ಮೂಲಕ ಒತ್ತಿ, ಸಾರಜನಕವನ್ನು ಅಲ್ಲಿಯೇ ಹಿಡಿದಿಟ್ಟು, ಉಳಿದುದನ್ನು ಸಣ್ಣ ಕೊಳವೆಯ ಮೂಲಕ ಮೂಗಿಗೆ ಕೊಡುತ್ತದೆ. ಅದು ನಿಂತರೆ ತಾತನ ತುಟಿ ಕ್ರಮೇಣ ನೀಲಿಗಟ್ಟುವುದು. ಆದುದರಿಂದ ಎಂಥ ಗುಡುಗಿಗೂ ಅಜ್ಜಿ ಆ ಪ್ಲಗ್ಗನ್ನು ಕೀಳರು. ಅದರ ಮುಂದೆ ಒಂದು ಕ್ಷಣ ನಿಂತು, ಹತ್ತು ಹೆಸರುಗಳನ್ನು ಇನ್ನೊಮ್ಮೆ ಹೇಳಿ ಬರುವರು. ರಾಯರು ಅದಕ್ಕೆ ಕೆಂಪು ದೀಪವುಳ್ಳ ಸ್ಪೈಕ್ ಗಾರ್ಡ್ ಎಂಬ ಹಲಗೆಯೊಂದನ್ನು ತಂದು ಜೋಡಿಸಿದ್ದರು. ಕರೆಂಟು ಹೋದ ಕಾಲಕ್ಕಿರಲೆಂದು ವೈದ್ಯರು ಹೇಳಿದ ಮೇರೆಗೆ ಸಿಲಿಂಡರೊಂದು ಬಾಗಿಲ ಹಿಂದೆ ನಿಂತಿತ್ತು. ಅದನ್ನು ತೆರೆಯುವ ಕೀಲಿಯನ್ನು ಅಜ್ಜಿ ಹಳೆಯ ಸೀರೆಯ ಅಂಚಿನಿಂದ ಅದರ ಕೊರಳಿಗೇ ಕಟ್ಟಿದ್ದರು. ಮನೆಗೆ ಬಂದವರು ನೋಡಿ ನಕ್ಕರೂ ಬಿಚ್ಚಲಿಲ್ಲ.

ವೈಶಾಖದ ಒಂದು ಭಾನುವಾರ. ಹಿಂದಿನ ರಾತ್ರಿ ಬಿರುಗಾಳಿ ಬೀಸಿತ್ತು. ಹಗಲಿನಲ್ಲಿ ಮೋಡದ ಸುಳಿವಿಲ್ಲ. ಅಜ್ಜಿ ರಾತ್ರಿ ಕಿತ್ತ ಪ್ಲಗ್ಗುಗಳೆಲ್ಲ ಬೆಳಗ್ಗೆ ತಮ್ಮ ತಮ್ಮ ಸ್ಥಾನ ಸೇರಿದ್ದವು. ಮಧ್ಯಾಹ್ನದ ಊಟವಾಗಿ ರಾಯರು ಪತ್ರಿಕೆಯನ್ನು ಮುಖದ ಮೇಲೆ ಮುಚ್ಚಿ ಮಲಗಿದ್ದರು. ಮಿತವ್ಯಯದಲ್ಲಿ ಅವರನ್ನು ಮೀರಿಸುವವರಿಲ್ಲ. ತಾತನ ಯಂತ್ರ, ರೆಫ್ರಿಜಿರೇಟರು, ಒಂದು ಫ್ಯಾನು, ಮಗಳು ನೋಡುತ್ತಿದ್ದ ಟೆಲಿವಿಷನ್, ಇಷ್ಟನ್ನು ಬಿಟ್ಟು ಮಿಕ್ಕುದನ್ನೆಲ್ಲ ಆರಿಸಿಯಾಗಿತ್ತು. ಕತ್ತಲೆಯ ದೇವರ ಮನೆಯಲ್ಲಿ ಮಾತ್ರ, ಅಜ್ಜಿಯ ಹಠಕ್ಕಾಗಿ, ಒಳಗೆ ತಂತಿಯಿರುವ ಹಳೆಯ ಕಾಲದ ಬಲ್ಬೊಂದು ಹಳದಿಯಾಗಿ ಉರಿಯುತ್ತಿತ್ತು.

ಅಜ್ಜಿ ಅದರ ಕೆಳಗೆ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. ಇದ್ದಕ್ಕಿದ್ದಂತೆ ಬಲ್ಬು ಬೆಳ್ಳಗಾಯಿತು. ದೇವರ ಬೆಳ್ಳಿಯ ಪ್ರಭಾವಳಿಯ ಗೆರೆಗೆರೆಯೂ ಕಾಣುವಷ್ಟು ಬೆಳಕು! ನಡುಮನೆಯ ಫ್ಯಾನು ಹುಚ್ಚು ಹಿಡಿದಂತೆ ತಿರುಗತೊಡಗಿತು.

“ಪುಟ್ಟೀ, ಮೈನು ಆರಿಸೇ!” ಎಂದು ಅಜ್ಜಿ ಕೂಗಿದರು. ಏಕೆ ಎಂದು ಕೇಳುವ ವಯಸ್ಸಿನ ಹುಡುಗಿ; ಆದರೆ ಆ ದನಿಯನ್ನು ಅವಳು ಹಿಂದೆ ಕೇಳಿರಲಿಲ್ಲ. ಎದ್ದು ಓಡಿದಳು. ಅವಳು ಮೆಟ್ಟಿಲ ಕೆಳಗಿನ ಮೈನ್ ಸ್ವಿಚ್ಚನ್ನು ಮುಟ್ಟುವಷ್ಟರಲ್ಲಿ ಟೆಲಿವಿಷನ್ ಪಟ್ಟೆಂದು ಕತ್ತಲಾಗಿತ್ತು. ಅಡಿಗೆಮನೆಯಿಂದ ಸುಟ್ಟ ಅರಗಿನಂಥ ವಾಸನೆ ಬಂದಿತ್ತು. ತಾತನ ಕೋಣೆಯಲ್ಲಿ ಸ್ಪೈಕ್ ಗಾರ್ಡಿನ ರಂಧ್ರಗಳಿಂದ ಹೊಗೆಯೆದ್ದಿತ್ತು. ಯಂತ್ರವು ಒಮ್ಮೆ ಕೀಚೆಂದು ಅರಚಿ ಸುಮ್ಮನಾಯಿತು.

ಎರಡು ವರ್ಷಗಳಿಂದ ಆ ಮನೆಯವರ ಕಿವಿಗೆ ಅಭ್ಯಾಸವಾಗಿದ್ದ ಸದ್ದು ನಿಂತಾಗ ಉಂಟಾದ ಮೌನ ಭಯಂಕರವಾಗಿತ್ತು. ತಾತ ಎದ್ದು ಕುಳಿತರು. ಮಾತಾಡಲಿಲ್ಲ, ಕೈಯನ್ನು ಮಾತ್ರ ಚಾಚಿದರು. ರಾಯರು ಸಿಲಿಂಡರಿನ ಕೀಲಿಗಾಗಿ ಮೇಜಿನ ಸೆಳೆಖಾನೆಯನ್ನು ತಡಕಿದರು, ಅಲಮಾರವನ್ನು ತಡಕಿದರು. ಅವರ ಮಡದಿ ಬಾಗಿಲ ಹಿಂದೆ ಬಗ್ಗಿ, ಸೀರೆಯ ಅಂಚನ್ನು ಹಿಡಿದು ಕೀಲಿಯನ್ನು ತಿರುಗಿಸಿದರು. ಕೊಳವೆಯಲ್ಲಿ ಗಾಳಿ ಸುಯ್ ಎಂದಿತು.

ಆಮೇಲೆ ರಾಯರು ಸಿಲಿಂಡರಿನ ಮಾಪಕವನ್ನು ನೋಡಿದರು. ಮುಳ್ಳು ಕಾಲುಭಾಗದಲ್ಲಿ ನಿಂತಿತ್ತು. ಹಿಂದಿನ ತಿಂಗಳು ಕರೆಂಟು ಹೋಗಿದ್ದಾಗ ಬಳಸಿದುದನ್ನು ಮತ್ತೆ ತುಂಬಿಸುವುದು ನಾಳೆ ನಾಳೆ ಎಂದು ಉಳಿದುಹೋಗಿತ್ತು. ಲೆಕ್ಕ ಅವರ ಬುದ್ಧಿಗೆ ತಾನಾಗಿ ಬಂದಿತು. ತುಂಬಿದಾಗ 1,500 ಲೀಟರು, ಕಾಲುಭಾಗವೆಂದರೆ 375. ನಿಮಿಷಕ್ಕೆ 2 ಲೀಟರಿನಂತೆ ಮೂರು ಗಂಟೆ. ಆ ಮೂರು ಗಂಟೆಗಳಲ್ಲಿ ಅವರು ಎಷ್ಟು ಕಡೆಗೆ ದೂರವಾಣಿ ಮಾಡಿದರೋ, ಎಷ್ಟು ಸಲ ಬಾಗಿಲಿಗೆ ಹೋಗಿ ಬಂದರೋ! ಬಾಡಿಗೆಯ ಯಂತ್ರವೊಂದು ಆಟೋದಲ್ಲಿ ಬಂದಿಳಿದಾಗ, ಬೀದಿಯ ತಂತಿಯನ್ನು ಸರಿಪಡಿಸಿ ಕರೆಂಟು ಕೊಟ್ಟು ಹತ್ತು ನಿಮಿಷವಾಗಿತ್ತು. ಮುಳ್ಳು ಕೆಂಪು ಗೆರೆಯೊಳಗೆ ಇಳಿದಿತ್ತು. ಆ ಮೂರು ಗಂಟೆಯೂ ಅಜ್ಜಿ ತಾತನ ಕೈಹಿಡಿದು ಕುಳಿತಿದ್ದರು. ಆಡಿದ ಮಾತು ಒಂದೇ: “ಇವತ್ತು ಗುಡುಗಲೇ ಇಲ್ಲವಲ್ಲ!”

ಗುಡುಗಲಿಲ್ಲ, ನಿಜ. ರಾತ್ರಿಯ ಗಾಳಿಗೆ ಸೀಳಿ ಜೋತಾಡುತ್ತಿದ್ದ ಕೊಂಬೆಯೊಂದು ಮಧ್ಯಾಹ್ನ ತಂತಿಗಳ ಮೇಲೆ ಬಿದ್ದಿತ್ತು, ಅಷ್ಟೆ. ಏಣಿಯಿಂದ ಇಳಿದ ಲೈನ್‌ಮನ್ ಹಣೆಯೊರಸಿಕೊಳ್ಳುತ್ತ, “ನಾಲ್ಕು ತಂತಿ ಸಾರ್. ಮೂರು ತರೋದು, ಒಂದು ವಾಪಸು ಒಯ್ಯೋದು. ಒಯ್ಯೋದೇ ಕಡಿದಿತ್ತು” ಎಂದನು.

ಆ ನಾಲ್ಕನೆಯದರ ಹೆಸರು ನ್ಯೂಟ್ರಲ್. ತರುವ ಮೂರರಲ್ಲಿ ಯಾವುದೊಂದಕ್ಕೂ ಅದಕ್ಕೂ ನಡುವೆ ಇರುವುದು 230 ವೋಲ್ಟ್. ಮನೆಯ ಯಂತ್ರಗಳಿಗೆಲ್ಲ ಅದೇ ಮಿತವಾದ ಆಹಾರ. ತರುವ ತಂತಿಗಳಲ್ಲಿ ಎರಡರ ನಡುವೆ ಮಾತ್ರ 400 ವೋಲ್ಟ್. ನ್ಯೂಟ್ರಲ್ ಕಡಿದುಹೋದಾಗ ಒಂದು ಸಾಲಿನ ಮನೆಗಳಿಗೆ ಬಂದ ವಿದ್ಯುತ್ತು ಹಿಂದಿರುಗಲು ದಾರಿಗಾಣದೆ ಇನ್ನೊಂದು ಸಾಲಿನ ಮನೆಗಳ ಮೂಲಕ ನುಗ್ಗುತ್ತದೆ. ಎರಡು ಸಾಲುಗಳೂ ಸೇರಿ ಆ 400ನ್ನು ಹಂಚಿಕೊಳ್ಳಬೇಕಾಗುತ್ತದೆ. ಹಂಚಿಕೆಯೇನೂ ಸಮನಲ್ಲ. ಗೀಸರು, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಹಚ್ಚಿಕೊಂಡ ಸಾಲಿಗೆ ಬರುವುದು ಕಡಿಮೆ ವೋಲ್ಟೇಜು; ಅಲ್ಲಿ ದೀಪಗಳು ಮಂಕಾಗುತ್ತವೆ. ಎಲ್ಲವನ್ನೂ ಆರಿಸಿ ಕುಳಿತ ಸಾಲಿನ ಮೇಲೆ ಉಳಿದುದೆಲ್ಲ ಬೀಳುತ್ತದೆ. ಮಿತವ್ಯಯಿಗಳಿಗೇ ದಂಡ! ರಾಯರಿಗೆ ಇದನ್ನು ಕೇಳಿ ಆದ ವ್ಯಥೆ ಟೆಲಿವಿಷನ್ ಹೋದುದಕ್ಕಿಂತ ದೊಡ್ಡದು.

ಎದುರು ಮನೆಯಲ್ಲಿ ಅದೇ ಹೊತ್ತಿಗೆ ಫ್ಯಾನು ತೆವಳುತ್ತಿತ್ತಂತೆ. ಒಂದು ಮನೆಯಲ್ಲಿ ದೀಪ ಉಜ್ಜ್ವಲ, ನೆರೆಮನೆಯಲ್ಲಿ ಮಂಕು. ಇದೇ ಆ ಆಪತ್ತಿನ ಮುಖ್ಯ ಲಕ್ಷಣ. ಇಂದಿನ ಎಲ್ಇಡಿ ದೀಪಗಳು ಈ ಸುಳಿವನ್ನು ಅಷ್ಟಾಗಿ ಕೊಡವು. ಅವು ವೋಲ್ಟೇಜು ಏರಿದರೂ ಬಹುಮಟ್ಟಿಗೆ ಒಂದೇ ಸಮನೆ ಉರಿದು, ಕೊನೆಗೊಮ್ಮೆ ಆರುತ್ತವೆ. ಅಜ್ಜಿಯ ಹಠದ ಹಳೆಯ ಬಲ್ಬು ಇಲ್ಲದಿದ್ದರೆ ಆ ಕೂಗೂ ಏಳುತ್ತಿರಲಿಲ್ಲ. ಫ್ಯಾನಿನ ವೇಗ ಕಾರಣವಿಲ್ಲದೆ ಬದಲಾದರೂ ತಡಮಾಡದೆ ಮೈನ್ ಆರಿಸುವುದೇ ಸರಿಯಾದ ದಾರಿ.

ಮರುದಿನ ಬಂದ ಎಲೆಕ್ಟ್ರಿಷಿಯನ್ ಹಿರಿಯ ವಯಸ್ಸಿನವನು, ಮಿತಭಾಷಿ. ಸುಟ್ಟ ಸ್ಪೈಕ್ ಗಾರ್ಡನ್ನು ಬಿಚ್ಚಿ, ಒಳಗಿನಿಂದ ಕರಿದ ಸಂಡಿಗೆಯಂಥ ಕಪ್ಪು ಬಿಲ್ಲೆಯೊಂದನ್ನು ರಾಯರ ಅಂಗೈಯಲ್ಲಿಟ್ಟನು. ಸತುವಿನ ಆಕ್ಸೈಡಿನ ಸಣ್ಣ ಸಣ್ಣ ಕಣಗಳನ್ನು ಒತ್ತಿ ಸುಟ್ಟು ಮಾಡಿದ ಬಿಲ್ಲೆ ಅದು. ಜಪಾನಿನ ಮಿಚಿಯೊ ಮತ್ಸುವೊಕ ಎಂಬ ವಿಜ್ಞಾನಿ ಅದರ ಗುಣಗಳನ್ನು ಕುರಿತು 1971ರಲ್ಲಿ ಲೇಖನ ಪ್ರಕಟಿಸಿದರು. ವೋಲ್ಟೇಜು ಮಿತಿಯಲ್ಲಿರುವವರೆಗೆ ಆ ಬಿಲ್ಲೆ ಮುಚ್ಚಿದ ಬಾಗಿಲು. ಮಿತಿ ಮೀರಿದೊಡನೆ ಕಣ್ಣಿಗೆ ಕಾಣದ ವೇಗದಲ್ಲಿ ತೆರೆದು ಹೆಚ್ಚಿನ ವಿದ್ಯುತ್ತನ್ನು ಪಕ್ಕಕ್ಕೆ ಹರಿಸುತ್ತದೆ. ಸಿಡಿಲಿನ ಅಲೆಗೆ ತಕ್ಕ ಮದ್ದು. ಆದರೆ ಅಲೆಯೆಂದರೆ ಕ್ಷಣದ ಮಾತು. ನ್ಯೂಟ್ರಲ್ ಕಡಿದಾಗಿನ ಉಬ್ಬರ ನಿಮಿಷಗಟ್ಟಲೆ ಇರುವಂಥದು. ಅಷ್ಟು ಹೊತ್ತು ಬಾಗಿಲು ತೆರೆದು ನಿಂತ ಬಿಲ್ಲೆ ತಾನೇ ಕಾದು ಸುಟ್ಟುಹೋಗುತ್ತದೆ.

“ಒಂದು ರೋಗಕ್ಕೆ ಒಂದು ಔಷಧಿ ಸಾರ್,” ಎಂದನು ಅವನು. “ನೆಗಡಿಯ ಮಾತ್ರೆ ಮುರಿದ ಮೂಳೆಗೆ ಆಗುತ್ತದೆಯೇ?”

ಉಬ್ಬರಕ್ಕೆ ಬೇರೆಯ ಕಾವಲುಗಾರ ಬೇಕು. ವೋಲ್ಟೇಜನ್ನು ಸದಾ ಅಳೆಯುತ್ತ, 270ರ ಆಸುಪಾಸಿಗೆ ಏರಿದೊಡನೆ ಇಡೀ ಮನೆಯ ಸಂಪರ್ಕವನ್ನು ಕಡಿದು, ಎಲ್ಲವೂ ಶಾಂತವಾದ ಕೆಲವು ನಿಮಿಷಗಳ ಮೇಲೆ ಮತ್ತೆ ಕೂಡಿಸುವ ಸಾಧನ ಅದು. ಆ ಕೆಲವು ನಿಮಿಷಗಳ ವಿಳಂಬದಿಂದ ಇನ್ನೊಂದು ಉಪಕಾರವೂ ಉಂಟು. ನಿಂತ ರೆಫ್ರಿಜಿರೇಟರಿನ ಕೊಳವೆಗಳಲ್ಲಿ ಒತ್ತಡ ಸಮವಾಗಲು ಮೂರು ನಿಮಿಷವಾದರೂ ಬೇಕು; ಅದಕ್ಕೆ ಮೊದಲೇ ಕರೆಂಟು ಬಂದರೆ ಕಂಪ್ರೆಸರ್ ತಿರುಗಲಾರದೆ ತಿಣುಕಿ ಬಿಸಿಯಾಗುತ್ತದೆ. ಸಿಡಿಲಿನ ಅಲೆಗೆ ಮೈನ್ ಬೋರ್ಡಿನಲ್ಲಿಯೇ ಕೂರಿಸುವ, ಅಂಥದೇ ಆದರೆ ಹೆಚ್ಚು ಬಲವಾದ ಬಿಲ್ಲೆಗಳುಳ್ಳ ಸರ್ಜ್ ಪ್ರೊಟೆಕ್ಟರ್ ಬೇಕು. ಅದರ ಮುಖದಲ್ಲೊಂದು ಪುಟ್ಟ ಕಿಟಕಿ. ಹಸಿರಾಗಿದ್ದರೆ ಕ್ಷೇಮ, ಕೆಂಪಾದರೆ ತನ್ನ ಆಯುಸ್ಸನ್ನು ಮನೆಗಾಗಿ ಕೊಟ್ಟಿತೆಂದು ಅರ್ಥ, ಬದಲಿಸಬೇಕು.

“ಹಾಗಾದರೆ ಎರಡನ್ನೂ ಇವತ್ತೇ ಹಾಕಿಬಿಡಿ,” ಎಂದರು ರಾಯರು.

“ಮೊದಲು ಅರ್ತ್ ತೋರಿಸಿ.”

ಅರ್ತ್ ಎಲ್ಲಿದೆಯೆಂಬುದು ರಾಯರಿಗೆ ತಿಳಿಯದು. ತಾತನೇ ಮಂಚದಿಂದ ಕ್ಷೀಣವಾಗಿ, “ತುಳಸಿಕಟ್ಟೆಯ ಹಿಂದೆ” ಎಂದರು. ಮನೆ ಕಟ್ಟಿಸಿದಾಗ ಮುಂದೆ ನಿಂತು ಆ ಗುಂಡಿಯನ್ನು ತೋಡಿಸಿ, ಕೊಳವೆಯ ಸುತ್ತ ಇದ್ದಲು, ಉಪ್ಪುಗಳನ್ನು ಪದರ ಪದರವಾಗಿ ತುಂಬಿಸಿದವರು ಅವರೇ. ಈಗ ಅಲ್ಲಿ ನುಣುಪಾದ ಟೈಲ್ಸ್ ನೆಲ. ಎರಡು ಬಿಲ್ಲೆಗಳನ್ನು ಎಬ್ಬಿಸಿ ನೋಡಿದರೆ, ನೆಲ ಹಾಕಿದವರು ಅಡ್ಡ ಬಂದ ಅರ್ತ್ ತಂತಿಯನ್ನು ಕತ್ತರಿಸಿ, ತುದಿಯನ್ನು ಮಡಿಚಿ, ಮೇಲೆ ಗಾರೆ ಬಳಿದು ಹೋಗಿದ್ದರು. ಕೊಳವೆ ತುಕ್ಕು ಹಿಡಿದಿತ್ತು. ಎಷ್ಟೋ ವರ್ಷಗಳಿಂದ ಆ ಮನೆಯ ಪ್ರತಿಯೊಂದು ಪ್ಲಗ್ಗಿನ ಮೂರನೆಯ ಕಡ್ಡಿ ಭೂಮಿಯನ್ನು ಮುಟ್ಟಿಯೇ ಇರಲಿಲ್ಲ! ಸರ್ಜ್ ಪ್ರೊಟೆಕ್ಟರ್ ಹೊರಗೆ ಹರಿಸಬೇಕಾದ ವಿದ್ಯುತ್ತಿಗೆ ಇಳಿಯುವ ಮಡಿಲೇ ಇಲ್ಲದಿದ್ದರೆ ಅದು ಗೋಡೆಯ ಮೇಲಿನ ಅಲಂಕಾರ ಮಾತ್ರ. ಯಂತ್ರಗಳ ಮಾತು ಹಾಗಿರಲಿ. ಒದ್ದೆ ಕೈಯಿಂದ ಗೀಸರು ಮುಟ್ಟುವ ಮನುಷ್ಯರ ಗತಿಯೇನು?

ಹೊಸ ಕೊಳವೆ ಇಳಿಯಿತು. ಅದರ ಪ್ರತಿರೋಧವನ್ನು ಮಾಪಕದಿಂದ ಅಳೆದು ನೋಡಿದ ಮೇಲೆಯೇ ಅವನು ಬೋರ್ಡಿಗೆ ಕೈಹಾಕಿದನು. ಪ್ರೊಟೆಕ್ಟರನ್ನು ಬೋರ್ಡಿಗೆ ಕೂಡಿಸುವ ತಂತಿಗಳನ್ನು ಅರ್ಧ ಮೀಟರಿಗೆ ಮೀರದಂತೆ, ಸುತ್ತುಬಳಸಿಲ್ಲದಂತೆ ಎಳೆದನು; ಅಷ್ಟು ವೇಗವಾಗಿ ಬರುವ ಅಲೆಗೆ ಉದ್ದವಾದ ತಂತಿಯೂ ಒಂದು ತಡೆ, ತಡೆದಷ್ಟೂ ಅದು ಯಂತ್ರಗಳ ಕಡೆಗೆ ತಿರುಗುವುದು. ಹೊರಡುವಾಗ, ನ್ಯೂಟ್ರಲ್ಲನ್ನು ಅರ್ತಿಗೆ ಸೇರಿಸಿಕೊಳ್ಳಿರೆಂದು ಯಾರಾದರೂ ಉಪಾಯ ಹೇಳಿಕೊಟ್ಟರೆ ಕಿವಿಗೊಡಬೇಡಿ ಎಂದು ಎಚ್ಚರಿಸಿದನು. ಯಂತ್ರಗಳ ಮೈಗೆಲ್ಲ ಕರೆಂಟು ಹರಿಯುವ ದಾರಿ ಅದು. ಇಷ್ಟೆಲ್ಲ ಮಾಡಿದ ಮೇಲೂ ಮನೆಯ ಮೇಲೆಯೇ ನೇರವಾಗಿ ಎರಗುವ ಸಿಡಿಲಿಗೆ ಇವು ಪೂರ್ತಿ ಉತ್ತರವಲ್ಲವೆಂದೂ, ಕೀಳಬಹುದಾದುದನ್ನು ಕೀಳುವುದೇ ಒಳ್ಳೆಯದೆಂದೂ ಹೇಳಿದನು. ಅಜ್ಜಿ ಅವನಿಗೆ ಎರಡನೆಯ ಲೋಟ ಕಾಫಿ ಕೊಟ್ಟರು.

ಟೆಲಿವಿಷನ್ ರಿಪೇರಿಗೆ ಹೋಯಿತು. ರೆಫ್ರಿಜಿರೇಟರಿಗೆ ಹೊಸ ಬೋರ್ಡು ಬಂದಿತು. ತಾತನ ಯಂತ್ರ ಗುಣವಾಗಲಿಲ್ಲ, ಹೊಸದನ್ನೇ ಕೊಳ್ಳಬೇಕಾಯಿತು. ನಲವತ್ತು ವರ್ಷಗಳಿಂದ ಪ್ಲಗ್ಗು ಕೀಳಿಸಿಕೊಳ್ಳುತ್ತ ಬಂದ ರೇಡಿಯೊ ಮಾತ್ರ ಏನೂ ಆಗದಂತೆ, ಗುಂಡಿ ತಿರುಗಿಸಿದೊಡನೆ ಮೆಲ್ಲಗೆ ಬಿಸಿಯಾಗಿ ಹಾಡಿತು. ಆ ವಾರವೆಲ್ಲ ಮನೆಯವರಿಗೆ ಅದೇ ವಿನೋದ.

ಈಗ ಗುಡುಗಿದಾಗ ಅಜ್ಜಿ ಒಬ್ಬರೇ ಏಳುವುದಿಲ್ಲ. ಎತ್ತರದ ಪ್ಲಗ್ಗುಗಳನ್ನು ಮೊಮ್ಮಗಳು ಕೀಳುತ್ತಾಳೆ; ಹತ್ತು ಹೆಸರುಗಳಲ್ಲಿ ಏಳು ಅವಳಿಗೆ ಬಂದಿವೆ. ರಾಯರು ಬೇಸಿಗೆಯ ಪ್ರತಿ ಭಾನುವಾರ ತುಳಸಿಗೆ ಒಂದು ಚೊಂಬು, ಹಿಂದಿನ ಅರ್ತ್ ಗುಂಡಿಗೆ ಒಂದು ಬಿಂದಿಗೆ ನೀರು ಹಾಕುತ್ತಾರೆ. ಒಣಗಿದ ಮಣ್ಣು ವಿದ್ಯುತ್ತನ್ನು ಒಯ್ಯಲಾರದು. ಸ್ಟೆಬಿಲೈಸರಿನ ಹೆಸರನ್ನು ಅವರು ಎತ್ತುವುದಿಲ್ಲ.

ದೇವರ ಮನೆಯಲ್ಲಿ ಹಳದಿಯ ಬಲ್ಬು ಉರಿಯುತ್ತಲೇ ಇದೆ. ಸಂಜೆ ದೀಪ ಹಚ್ಚಿ ನಮಸ್ಕಾರ ಮಾಡಿದ ಮೇಲೆ ಅಜ್ಜಿ ತಾತನ ಕೋಣೆಯ ಕಡೆಗೆ ತಿರುಗಿ ಕೇಳುತ್ತಾರೆ:

“ಪುಟ್ಟೀ, ಮುಳ್ಳು ಎಲ್ಲಿದೆ?”

“ತುಂಬಿದೆ ಅಜ್ಜಿ.”

“ಕೀಲಿ?”

“ಕೊರಳಲ್ಲೇ ಇದೆ.”